ನೀರನ್ನು ಅಟ್ಟಿದ ದಿಂಡು

ಕಾರ್ಖಾನೆಯ ಅಂಗಳದಲ್ಲಿ ಬಿಸಿಲಿಗೆ ಬಿದ್ದಿದ್ದ ಮೆಕ್ಕೆಜೋಳದ ದಿಂಡು ತನ್ನೊಳಗೆ ಉಳಿದಿದ್ದ ನೀರಹನಿಗೆ, "ನಿನ್ನಿಂದ ನನಗೆ ಬೂಷ್ಟು ಹಿಡಿಯುತ್ತದೆ, ತೊಲಗು" ಎಂದಿತು.

"ನಾನು ಹೋದರೆ ನಿನ್ನೊಳಗೆ ಯಾರೂ ಉಳಿಯುವುದಿಲ್ಲ."

"ಉಳಿಯದಿದ್ದರೆ ಹಗುರಾಗುತ್ತೇನೆ" ಎಂದು ದಿಂಡು ನಕ್ಕಿತು. ಹನಿ ಆವಿಯಾಗಿ ಹೊರಟುಹೋಯಿತು.

ರಾಸಾಯನಿಕ ಎಣ್ಣೆ ತೆಗೆಯಲು ಕೆಲಸದವರು ದಿಂಡುಗಳನ್ನು ಮೈಕ್ರೋವೇವ್ ಒಲೆಯಲ್ಲಿಟ್ಟರು. ಒಲೆಯೊಳಗಿನ ಕಾಣದ ಮೈಕ್ರೋವೇವ್ ಅಲೆ ಬಂದು, "ಒಳಗೆ ನೀರಿದೆಯೇ? ನನ್ನ ಮಾತು ಅದಕ್ಕೆ ಮಾತ್ರ ಕೇಳಿಸುತ್ತದೆ" ಎಂದಿತು. ಪಕ್ಕದ ಹಸಿ ದಿಂಡಿನ ನೀರು ಓಗೊಟ್ಟು ಕುದಿಯಿತು. ಅದರ ಸಾರವೆಲ್ಲ ಹೊಂಬಣ್ಣದ ಎಣ್ಣೆಯಾಗಿ ಇಳಿಯಿತು.

"ನಾನಿದ್ದೇನಲ್ಲ, ನನ್ನನ್ನೂ ಮಾತಾಡಿಸು" ಎಂದು ಒಣ ದಿಂಡು ಅಂಗಲಾಚಿತು. ಅಲೆ ಅದರ ಮೈಯನ್ನು ಸುಮ್ಮನೆ ಹಾದುಹೋಯಿತು.

ತಣ್ಣಗೇ ಉಳಿದ ದಿಂಡನ್ನು ಬಾಯ್ಲರಿನ ಬೆಂಕಿಗೆ ಎಸೆದರು. ಬೆಂಕಿ ಏನನ್ನೂ ಕೇಳಲಿಲ್ಲ.