ಅಂಬಿಗರ ಗದ್ದೆಪ್ಪನ ತಾಮ್ರದ ತಗಡು

ಕೃಷ್ಣಾ ಹೊಳೆ ಈಗಿನದಕ್ಕಿಂತ ನಾಲ್ಕು ಹೊಲ ಅಗಲವಾಗಿ ಹರಿಯುತ್ತಿದ್ದ ಕಾಲ. ಎಷ್ಟು ವರ್ಷದ ಹಿಂದೆ ಅಂತ ಕೇಳಬೇಡಿ. ನನ್ನ ಅಜ್ಜನಿಗೂ ಗೊತ್ತಿರಲಿಲ್ಲ, ನನ್ನ ಅಜ್ಜನಿಗೆ ಗೊತ್ತಿಲ್ಲದ್ದು ಆ ಸೀಮೆಯಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ. ಹೊಳೆಯ ನಟ್ಟನಡುವೆ ಒಂದು ಗಡ್ಡೆ, ಗಡ್ಡೆಯ ಮೇಲೆ ಒಂದು ಊರು, ಊರಲ್ಲಿ ಮೂವತ್ತೆರಡು ಮನೆ. ಆ ಊರಲ್ಲಿ ಅಂಬಿಗರ ಗದ್ದೆಪ್ಪ ಅಂತ ಒಬ್ಬನಿದ್ದ.

ಗದ್ದೆಪ್ಪ ಹರಿಗೋಲು ಹಾಕುವವನು. ಹುಟ್ಟನ್ನು ನೀರಿಗೆ ತಾಕಿಸಿದರೆ ಸಾಕು, ತಳದಲ್ಲಿ ಬಂಡೆಯಿದೆಯೋ ಮರಳಿದೆಯೋ ಮೊಸಳೆ ಮಲಗಿದೆಯೋ ಹೇಳುತ್ತಿದ್ದ ಅಂತಾರೆ. ಮೊಸಳೆಗೆ ವಯಸ್ಸೆಷ್ಟು ಅನ್ನುವುದನ್ನೂ ಹೇಳುತ್ತಿದ್ದ ಅಂತಾರೆ. ಅದನ್ನು ನಾನು ಪೂರ್ತಿ ನಂಬುವುದಿಲ್ಲ, ಒಂದೆರಡು ವರ್ಷ ಆಚೆ ಈಚೆ ಆಗುತ್ತಿತ್ತಂತೆ.

ಅವನಿಗೆ ಹೊಲವಿಲ್ಲ, ಮನೆಯಿಲ್ಲ ಅನ್ನುವಷ್ಟು ಸಣ್ಣ ಮನೆ. ಇದ್ದದ್ದು ಒಂದು ತಾಮ್ರದ ಪಟ. ಯಾವುದೋ ರಾಜ ಹೊಳೆ ದಾಟಲಾಗದೆ ದಂಡು ಸಮೇತ ನಿಂತಾಗ ಗದ್ದೆಪ್ಪನ ಹಿರಿಯರು ಅವನನ್ನು ದಾಟಿಸಿದರಂತೆ. ರಾಜ ಮೆಚ್ಚಿ, ಸೂರ್ಯ ಚಂದ್ರ ಇರುವ ತನಕ ಇಲ್ಲಿ ಜನರನ್ನು ದಾಟಿಸುವ ಹಕ್ಕು ನಿಮ್ಮ ಮನೆಯದೇ ಅಂತ ತಾಮ್ರದ ಮೇಲೆ ಕೆತ್ತಿಸಿ ಕೊಟ್ಟನಂತೆ. ಮೊರದಷ್ಟು ಅಗಲ, ಹೋಳಿಗೆಯಷ್ಟು ದಪ್ಪ. ಅದರ ಅಕ್ಷರ ಓದಬಲ್ಲವರು ಏಳು ಊರಲ್ಲಿ ಒಬ್ಬರೂ ಇರಲಿಲ್ಲ. ಆದರೇನು? ಪ್ರತಿ ಅಮಾವಾಸ್ಯೆಗೆ ಹೆಂಡತಿ ದ್ಯಾವಮ್ಮ ಅದನ್ನು ಹುಣಸೆಹುಳಿಯಲ್ಲಿ ತಿಕ್ಕಿ, ಅರಿಷಿಣ ಹಚ್ಚಿ, ಹೊಸ ಬಟ್ಟೆಯಲ್ಲಿ ಸುತ್ತಿಡುತ್ತಿದ್ದಳು. ಬೇರೆ ಯಾರಾದರೂ ಹರಿಗೋಲು ಇಳಿಸಲು ಬಂದರೆ ಗದ್ದೆಪ್ಪ ಜಗಳವಾಡುತ್ತಿರಲಿಲ್ಲ, ಬಟ್ಟೆ ಬಿಚ್ಚಿ ತಾಮ್ರ ತೋರಿಸುತ್ತಿದ್ದ. ಬಂದವರು ಕೈ ಮುಗಿದು ಹಿಂದಕ್ಕೆ ಹೋಗುತ್ತಿದ್ದರು ಅಂತಾರೆ.

ಹೀಗಿರುವಾಗ ಒಂದು ವರ್ಷ ಹೊಳೆ ತುಂಬಿ ಬಂತು. ಮರ ಬಂತು, ಕುಂಬಳಕಾಯಿ ಬಂತು, ಯಾರದೋ ಮನೆಯ ತೊಟ್ಟಿಲು ಬಂತು. ಎಲ್ಲದರ ಹಿಂದೆ ಮೇಲ್ಗಡೆಯ ಯಾವುದೋ ಡ್ಯಾಮಿನಲ್ಲಿ ದೊಡ್ಡವರು ಕೂತು ತಿರುಗುತ್ತಿದ್ದ ಒಂದು ಜೆಟ್ ಬೋಟು ಬಂದು ಗಡ್ಡೆಯ ಬಂಡೆಗೆ ಒರಗಿ ನಿಂತಿತು. ಊರು ದಂಗಾಯಿತು. ಎತ್ತು ಕಟ್ಟಿ ಮೇಲೆ ಎಳೆದು, ಹುಲ್ಲಿನ ಮೇಲೆ ಮಗುಚಿ ನೋಡಿದರು. ಬೋಟಿಗೆ ನೀರು ತಳ್ಳುವ ಫ್ಯಾನೇ ಇಲ್ಲ! ಇದು ನಡೆಯುವುದು ಯಾವುದರಿಂದ?

ಊರ ಪಂಪ್‌ಸೆಟ್ ರಿಪೇರಿ ಮಾಡುವ ಮೌಲಾಸಾಬ ಬಗ್ಗಿ ನೋಡಿದ. ಎದ್ದು ನಿಂತ. ಮತ್ತೆ ಬಗ್ಗಿ ನೋಡಿದ.

“ಇದು ಬೋಟಲ್ಲಪ್ಪೋ! ಮಲಗಿಸಿದ ಪಂಪ್‌ಸೆಟ್ಟು! ಹೊಟ್ಟೀಲಿಂದ ನೀರು ಕುಡಿತದ, ಹಿಂದಿನಿಂದ ಉಗುಳತದ, ಉಗುಳಿದ ಜೋರಿಗೆ ಮುಂದಕ್ಕ ಹೋಗತದ!”

“ಹಂಗಾದರ ನಮ್ಮ ಗೌಡ್ರೂ ಹೋಗಬೇಕಾಗಿತ್ತು,” ಅಂದ ಗದ್ದೆಪ್ಪ. ಗೌಡರು ಎಲೆಯಡಿಕೆ ಉಗುಳುವುದು ಆ ಸೀಮೆಗೇ ಹೆಸರಾಗಿತ್ತು. ಎಲ್ಲರೂ ನಕ್ಕರು. ಅವತ್ತು ಅವರು ನಕ್ಕ ಕೊನೆಯ ನಗೆ ಅದೇ ಅಂತಾರೆ. ಯಾಕೆಂದರೆ ಅಷ್ಟರಲ್ಲೇ ಆಚೆ ದಡದಿಂದ ಮೈಕಿನಲ್ಲಿ ಕೂಗಿದರು: ನಾಳೆ ಹೊತ್ತು ಮುಳುಗುವ ಹೊತ್ತಿಗೆ ಡ್ಯಾಮಿನ ಎಲ್ಲಾ ಗೇಟೂ ಎತ್ತುತ್ತಾರೆ, ಗಡ್ಡೆ ಖಾಲಿ ಮಾಡಿ!

ಎಲ್ಲರ ಕಣ್ಣು ಗದ್ದೆಪ್ಪನ ಮೇಲೆ. ಗದ್ದೆಪ್ಪ ದಂಡೆಗೆ ಹೋಗಿ ಹುಟ್ಟನ್ನು ನೀರಿಗೆ ತಾಕಿಸಿದ. ಸೆಳವು ಅದನ್ನು ಕಡ್ಡಿಯ ಹಾಗೆ ಲಟ್ಟೆಂದು ಮುರಿಯಿತು. ಅವನು ಕೈಯಲ್ಲುಳಿದ ತುಂಡನ್ನು ನೋಡಿದ. “ಹರಿಗೋಲು ಹೋಗಾಂಗಿಲ್ಲ,” ಅಂದ.

ಗದ್ದೆಪ್ಪನ ಬಾಯಲ್ಲಿ ‘ಇಲ್ಲ’ ಅನ್ನುವ ಮಾತು ಹುಟ್ಟಿದಾಗಿನಿಂದ ಬಂದಿರಲಿಲ್ಲವಂತೆ. ಊರು ಮತ್ತೆ ದಂಗಾಯಿತು. ಒಬ್ಬ ಮುದುಕಿ ಅಲ್ಲೇ ಕುಕ್ಕರಿಸಿ ಕೂತಳಂತೆ.

ಉಳಿದದ್ದು ಆ ಬೋಟು. ಮೌಲಾಸಾಬ ಎಂಜಿನ್ ಬಿಚ್ಚಿ, ಒಣಗಿಸಿ, ಸಿಕ್ಕ ಎಣ್ಣೆಯೆಲ್ಲ ಅದರ ಹೊಟ್ಟೆಗೆ ಹಾಕಿ ಶುರು ಮಾಡಿದ. ಹಗ್ಗ ಕಟ್ಟಿ ಗಡ್ಡೆಯ ಮರೆಯಲ್ಲಿ ನೀರಿಗಿಳಿಸಿದರು. ಬೋಟು ಗುಡುಗಿತು, ಹಿಂಭಾಗವನ್ನು ನೀರಲ್ಲಿ ಕುಕ್ಕಿ, ಮೂತಿಯನ್ನು ಆಕಾಶಕ್ಕೆ ಎತ್ತಿ, ಬೆದರಿದ ಕುದುರೆಯ ಹಾಗೆ ನಿಂತೇಬಿಟ್ಟಿತು! ಮೂತಿ ಕೆಳಗಿಳಿಯಲಿ ಅಂತ ಊರಿಗೇ ದಪ್ಪಗಿದ್ದ ಗೌಡರನ್ನು ಮುಂದೆ ಕೂರಿಸಿದರು. ಬೋಟು ಅವರನ್ನು ಮೊರದಲ್ಲಿ ಕಾಳು ಕೇರಿದ ಹಾಗೆ ಕೇರಿತು. ಏಳು ಸಲ ಮೇಲೆ ಹೋಗಿ ಆರು ಸಲ ಕೆಳಗೆ ಬಂದರಂತೆ ಗೌಡರು. ಏಳನೆಯ ಸಲ ಎಲ್ಲಿಗೆ ಬಿದ್ದರು ಅನ್ನುವುದನ್ನು ಅವರ ಮನೆಯವರು ಇಂದಿಗೂ ಹೇಳುವುದಿಲ್ಲ.

ಆಮೇಲೆ ಎಂಜಿನ್ ಬರೀ ಕಿರುಚಿತು, ಬೋಟು ಒಂದು ಗೇಣೂ ಸರಿಯಲಿಲ್ಲ.

“ಪಂಪು ಗಾಳಿ ಎಳಿಯಾಕತ್ತದ ಕಾಕಾ,” ಅಂದ ಮೌಲಾಸಾಬ ಗದ್ದೆಪ್ಪನಿಗೆ. ಮೇಲೆ ಎಳೆದು ಮಗುಚಿ ತೋರಿಸಿದ. ಬೋಟಿನ ಅಡಿಯಲ್ಲಿ, ಹಿಂಭಾಗದಲ್ಲಿ, ಪಂಪಿನ ಕೆಳಗೆ ಮೊರದಷ್ಟು ಜಾಗ ಬೋಳಾಗಿತ್ತು. ಸುತ್ತ ಎಂಟು ಬೋಲ್ಟಿನ ತೂತು. ಅಲ್ಲೊಂದು ತಗಡು ಇರಬೇಕು, ಬಂಡೆಗೆ ಬಡಿದು ಕಿತ್ತುಹೋಗಿದೆ. ಬೋಟು ಹಿಂಭಾಗ ಊರಿ ಜಾರುವುದು ಆ ತಗಡಿನ ಮೇಲೆ. ಪಂಪಿಗೆ ಗಾಳಿ ನುಗ್ಗದ ಹಾಗೆ ತಡೆಯುವುದೂ ಅದೇ ತಗಡು. ಅದಕ್ಕೆ ರೈಡ್ ಪ್ಲೇಟ್ ಅನ್ನುತ್ತಾರೆ ಅಂತ ಬಹಳ ಕಾಲದ ಮೇಲೆ ಗೊತ್ತಾಯಿತು. ನಮ್ಮವರು ಅಂದಿಗೂ ಇಂದಿಗೂ ಅಡಿತಗಡು ಅನ್ನುತ್ತಾರೆ.

ಮಾಳಿಗೆಯ ಜಿಂಕ್ ಶೀಟು ಕತ್ತರಿಸಿ ಹಾಕಿದರು. ನೀರಿನ ಹೊಡೆತಕ್ಕೆ ಹಪ್ಪಳದ ಹಾಗೆ ಮುದುಡಿತು. ಬೇವಿನ ಬಾಗಿಲು ಕೊಯ್ದು ಹಾಕಿದರು. ಸೀಳಿ ಸೌದೆಯಾಯಿತು. ದ್ಯಾವಮ್ಮನ ರೊಟ್ಟಿ ಹಂಚು ಹಾಕಿದರು. ಹಂಚಿಗೆ ನಡುವೆ ತಗ್ಗು, ಬೋಟು ಗಿರಗಿರನೆ ಇದ್ದಲ್ಲೇ ತಿರುಗಿತು. ತಿರುಗುತ್ತಲೇ ಸಾಗುವ ಹರಿಗೋಲಿನ ಗದ್ದೆಪ್ಪನೊಬ್ಬನಿಗೇ ಅದು ಸರಿಯಾಗಿ ನಡೆಯುತ್ತಿದೆ ಅನ್ನಿಸಿತಂತೆ.

ಅಷ್ಟೊತ್ತಿಗೆ ರಾತ್ರಿ ಕಳೆದು ಬೆಳಗಾಗಿ, ನೀರು ತಗ್ಗಿನ ಮನೆಗಳ ಮೆಟ್ಟಿಲು ಮುಟ್ಟಿತ್ತು. ಗದ್ದೆಪ್ಪ ಮನೆಗೆ ಹೋದ. ಬಟ್ಟೆಯ ಗಂಟು ಹಿಡಿದು ಬಂದ. ಬಿಚ್ಚಿದ.

ತಾಮ್ರದ ಪಟ!

“ಏನ್ ಮಾಡಾಕತ್ತಿ ನೀನು?” ದ್ಯಾವಮ್ಮ ಎದೆ ಬಡಿದುಕೊಂಡು ಓಡಿ ಬಂದಳು. “ತೂತು ಹಾಕಿದರ ಅದು ಪಟಾ ಆಗಿ ಉಳಿತದೇನು? ನಾಳೆ ಯಾವನರ ಬಂದು ದಾಟಿಸೋ ಘಾಟು ನಂದು ಅಂದರ ಏನು ತೋರಸತಿ?”

“ನಾಳೆ ಬರಾವನಿಗೆ ತೋರಸಾಕ ನಾವು ಇರಬೇಕಲ್ಲ ಮೊದಲು,” ಅಂದನಂತೆ ಗದ್ದೆಪ್ಪ.

ದ್ಯಾವಮ್ಮ ತಾಮ್ರ ಸುತ್ತಿದ್ದ ಬಟ್ಟೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿದಳು. ಮೌಲಾಸಾಬ ಕೈಡ್ರಿಲ್ಲು ಹಿಡಿದ. ಒಂದು ತೂತು ಕೊರೆದ, ರಾಜನ ಅಕ್ಷರ ಪುಡಿಯಾಗಿ ಕೆಂಪಗೆ ಉದುರಿತು. ಎಂಟು ತೂತು. ಪ್ರತಿ ತೂತಿಗೂ ಊರೆಲ್ಲ ಕಣ್ಣು ಮುಚ್ಚಿಕೊಂಡಿತು ಅಂತಾರೆ. ಗೌಡರಂತೂ ಎಲೆಯಡಿಕೆ ನುಂಗಿಬಿಟ್ಟರಂತೆ.

ಇನ್ನು ಮುಂದಿನದು ಗದ್ದೆಪ್ಪನ ಕೈಚಳಕ. ಬೋಟಿನ ಅಡಿಗೂ ತಗಡಿಗೂ ನೆಟ್ಟನೆಯ ಬಿದಿರಿನ ಸೀಳನ್ನು ಅಳತೆಗೆ ಆನಿಸಿ, ಎರಡೂ ಒಂದೇ ಮಟ್ಟಕ್ಕೆ ಬರುವ ತನಕ ಸುತ್ತಿಗೆಯಿಂದ ತಟ್ಟಿದ. ತಗಡಿನ ಬಾಲ ಒಂದು ಕೂದಲೆಳೆ ಕೆಳಗೆ ಬಾಗಿದ್ದರೂ ಬೋಟಿನ ಮೂತಿ ಎಮ್ಮೆಯ ಹಾಗೆ ನೀರೊಳಗೆ ಹೋಗುತ್ತದೆ. ಮೇಲೆ ಬಾಗಿದ್ದರೆ ಮತ್ತೆ ಗೌಡರನ್ನು ಕೇರುತ್ತದೆ. ಬೋಲ್ಟಿನ ತಲೆ ಹೊರಗೆ ಕಾಣಬಾರದು ಅಂತ ತೂತಿನ ಬಾಯಿ ಅಗಲಿಸಿ ತಲೆ ಒಳಗೆ ಹುದುಗಿಸಿದ. ಆಮೇಲೆ ದ್ಯಾವಮ್ಮ ನಾದಿದ ಜೋಳದ ಹಿಟ್ಟನ್ನು ಹುರಿಯ ಹಾಗೆ ತೀಡಿ ಅಂಚಿನ ಸುತ್ತ ಇಟ್ಟು, ತಗಡು ಒತ್ತಿ, ತೆಗೆದು ನೋಡಿದ. ಹಿಟ್ಟು ಎಲ್ಲಿ ಕಾಗದದಷ್ಟು ತೆಳುವಾಗಿದೆಯೋ ಅಲ್ಲಿ ಸರಿ, ಎಲ್ಲಿ ದಪ್ಪ ಉಳಿದಿದೆಯೋ ಅಲ್ಲಿ ಸಂದು, ಅಲ್ಲಿ ಗಾಳಿ. ಆ ಸಂದುಗಳಿಗೆ ಚರ್ಮ ಬೇಕು. ಗದ್ದೆಪ್ಪ ಎದ್ದು ಹೋಗಿ ತನ್ನ ಹರಿಗೋಲಿನ ಅಡಿಯ ಎಮ್ಮೆ ಚರ್ಮವನ್ನೇ ಪಟ್ಟಿ ಪಟ್ಟಿಯಾಗಿ ಕೊಯ್ದ!

ಊರು ದಂಗಾಗುವುದನ್ನೇ ಮರೆತಿತ್ತು. ತಾಮ್ರವೂ ಹೋಯಿತು, ಹರಿಗೋಲೂ ಹೋಯಿತು. ಇನ್ನು ಅವನು ಯಾರು?

ಬೋಟು ಇಳಿಸಿದರು. ಮೌಲಾಸಾಬ ಎಂಜಿನ್ ಎಬ್ಬಿಸಿದ. ಬೋಟು ಮೂತಿ ಎತ್ತಲಿಲ್ಲ, ಕುಣಿಯಲಿಲ್ಲ. ನೀರಿನ ಮೇಲೆ ಸೀರೆ ಹಾಸಿದ ಹಾಗೆ ಜಾರಿತು. ಬಂಡೆಗಳ ನಡುವೆ ಮೊಣಕಾಲುದ್ದ ನೀರಲ್ಲೂ ಜಾರಿತು. ಗದ್ದೆಪ್ಪ ಮುಂದೆ ಕೂತು ಎಡಕ್ಕೆ, ಬಲಕ್ಕೆ ಅಂತ ಕೈ ತೋರಿಸಿದ. ಒಂದು ಸಲ, ಎರಡು ಸಲ, ಹನ್ನೊಂದು ಸಲ. ಮಕ್ಕಳು ದಾಟಿದರು, ಮುದುಕರು ದಾಟಿದರು, ಗೌಡರು ಕಣ್ಣು ಮುಚ್ಚಿಕೊಂಡು ದಾಟಿದರು.

ಹನ್ನೆರಡನೆಯದು ಕೊನೆಯ ಸಲ. ಬೋಟಿನಲ್ಲಿ ಹದಿನೆಂಟು ಜನ, ಅವರಲ್ಲಿ ದ್ಯಾವಮ್ಮ. ಆಗಲೇ ಮೇಲ್ಗಡೆಯಿಂದ ಕೆಂಪು ನೀರಿನ ಗೋಡೆ ಕಾಣಿಸಿತು. ನಡುಹೊಳೆಯಲ್ಲಿ ಒಂದು ಬೋಲ್ಟು ಸಡಿಲಾಗಿ ಬಿತ್ತು, ಚರ್ಮದ ಪಟ್ಟಿ ಹಾರಿತು, ಪಂಪು ಗಾಳಿ ಎಳೆಯಿತು. ಎಂಜಿನ್ ಕಿರುಚಿತು, ಬೋಟು ನಿಂತಿತು, ಸೆಳವಿಗೆ ಅಡ್ಡ ತಿರುಗಿತು.

“ಕಾಕಾ, ಹೋತು!” ಅಂತ ಕೂಗಿದ ಮೌಲಾಸಾಬ.

ಗದ್ದೆಪ್ಪ ಮುಂದಿನಿಂದ ಹಿಂದಕ್ಕೆ ಜನರ ಹೆಗಲ ಮೇಲೆ ಹೆಜ್ಜೆಯಿಟ್ಟು ಬಂದ. ಸೊಂಟಕ್ಕೆ ಹಗ್ಗ ಸುತ್ತಿ ತುದಿಯನ್ನು ದ್ಯಾವಮ್ಮನ ಕೈಗೆ ಕೊಟ್ಟ. ಹಿಂಭಾಗದಿಂದ ನೀರಿಗೆ ಇಳಿದೇಬಿಟ್ಟ. ಒಂದು ಕೈಯಲ್ಲಿ ಬೋಟು ಹಿಡಿದು, ಇನ್ನೊಂದು ಕೈಯನ್ನು ಅಡಿಗೆ ತೂರಿಸಿ, ಬಲ ಅಂಗೈಯನ್ನು ತಾಮ್ರದ ಮೇಲೆ, ಸಂದು ಬಾಯಿ ಬಿಟ್ಟಲ್ಲಿ, ಅದುಮಿ ಹಿಡಿದ. ಗಾಳಿ ನಿಂತಿತು. ಪಂಪು ನೀರು ಕಚ್ಚಿತು. ಬೋಟು ಹಾರಿತು!

ಬೋಟಿನ ಕೆಳಗೆ ಮನುಷ್ಯ ಹಾಗೆ ಹಿಡಿದು ಬರಲು ಸಾಧ್ಯವೇ ಅಂತ ನೀವು ಕೇಳಬಹುದು. ಸಾಧ್ಯವಿಲ್ಲ. ಆದರೆ ಆ ಹದಿನೆಂಟು ಜನ ದಡ ಮುಟ್ಟಿದರು. ಅವರಲ್ಲಿ ಒಬ್ಬಾಕೆ ನನ್ನ ಮುತ್ತಜ್ಜಿಯ ಅವ್ವ. ಸಾಧ್ಯವಿಲ್ಲದಿದ್ದರೆ ನಾನು ಇಲ್ಲಿ ಕೂತು ನಿಮ್ಮ ತಲೆ ತಿನ್ನುತ್ತಿರಲಿಲ್ಲ.

ದಡದಲ್ಲಿ ದ್ಯಾವಮ್ಮ ಹಗ್ಗ ಎಳೆದಳು. ಗದ್ದೆಪ್ಪ ಬಂದ, ಉಸಿರಿತ್ತು. ಹಿಂತಿರುಗಿ ನೋಡಿದರೆ ಗಡ್ಡೆಯ ಮೇಲೆ ಒಂದು ಬೇವಿನ ಮರದ ತಲೆ ಬಿಟ್ಟು ಇನ್ನೇನೂ ಕಾಣಲಿಲ್ಲ. ಮಗುಚಿ ನೋಡಿದರು. ಬೋಟಿನ ಅಡಿಯ ತಾಮ್ರ ಕನ್ನಡಿಯ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಮರಳು, ಬಂಡೆ, ನೀರು ಸೇರಿ ಅಕ್ಷರವನ್ನೆಲ್ಲ ತಿಂದು ಹಾಕಿದ್ದವು. ಒಂದು ಸೊನ್ನೆಯೂ ಉಳಿದಿರಲಿಲ್ಲ. ದ್ಯಾವಮ್ಮ ಅಳಲು ಬಾಯಿ ತೆಗೆದಳು. ತೆಗೆದ ಬಾಯಿ ಹಾಗೇ ನಿಂತಿತು.

ಗದ್ದೆಪ್ಪನ ಬಲ ಅಂಗೈ ಹಸಿರಾಗಿತ್ತು. ಆ ಹಸಿರಿನಲ್ಲಿ, ಸಾಲು ಸಾಲಾಗಿ, ಹಳೆಯ ಅಕ್ಷರಗಳು ತಿರುವುಮುರುವಾಗಿ ಮೂಡಿದ್ದವು ಅಂತಾರೆ. ತೊಳೆದರೆ ಹೋಗಲಿಲ್ಲ, ಹುಣಸೆಹುಳಿ ತಿಕ್ಕಿದರೆ ಇನ್ನೂ ಹೊಳೆಯಿತು ಅಂತಾರೆ.

ಹೊಳೆ ಇಳಿಯಿತು, ಜನ ಗಡ್ಡೆಗೆ ಮರಳಿದರು, ಬೋಟು ಗದ್ದೆಪ್ಪನ ಕೈಯಲ್ಲೇ ನಡೆಯಿತು. ಒಂದು ದಿನ ಒಬ್ಬ ಸಾಹೇಬ ಬಂದು, ಇಲ್ಲಿ ಬೋಟು ಹಾಕಲು ನಿನ್ನ ಹತ್ತಿರ ಏನು ದಾಖಲೆ ಇದೆ ಅಂತ ಕೇಳಿದ. ಗದ್ದೆಪ್ಪ ಅಂಗೈ ತೋರಿಸಿದ. ಸಾಹೇಬ ನೋಡಿದ, ಕನ್ನಡಕ ಹಾಕಿ ನೋಡಿದ, ಕನ್ನಡಕ ತೆಗೆದು ನೋಡಿದ. ಕೊನೆಗೆ ಗಂಟಲು ಸರಿಮಾಡಿಕೊಂಡು, ಇದರ ನಕಲು ಬೇಕು ಅಂದನಂತೆ. ಗದ್ದೆಪ್ಪ ಡಾಂಬರಿನಲ್ಲಿ ಅಂಗೈ ಅದ್ದಿ ಅವನ ಕಾಗದದ ಮೇಲೆ ಒತ್ತಿದ. ಕಾಗದದಲ್ಲಿ ಅಕ್ಷರ ನೆಟ್ಟಗೆ ಬಂದವು. ಅವನ್ನೂ ಯಾರಿಗೂ ಓದಲು ಬರಲಿಲ್ಲ. ಸಾಹೇಬ ಕೈ ಮುಗಿದು ಹಿಂದಕ್ಕೆ ಹೋದ.

ಈಗ ಗದ್ದೆಪ್ಪನಿಲ್ಲ, ಆ ಬೋಟೂ ಇಲ್ಲ. ಆದರೆ ಇಂದಿಗೂ ಆ ಗಡ್ಡೆಯಲ್ಲಿ ಯಾವ ದೋಣಿ ನೀರಿಗಿಳಿಯುವ ಮೊದಲೂ ಮನೆಯ ಹೆಣ್ಣುಮಗಳು ಒಂದು ಉಂಡೆ ಜೋಳದ ಹಿಟ್ಟು ನಾದಿ ತರುತ್ತಾಳೆ. ದೋಣಿಯ ಹಿಂಭಾಗದ ಅಡಿಗೆ ಅದನ್ನು ಮೆತ್ತಿ, ದೋಣಿ ನಡೆಸುವವನು ಬಲ ಅಂಗೈಯನ್ನು ಅದರ ಮೇಲೆ ಅದುಮುತ್ತಾನೆ. ಐದು ಬೆರಳೂ ಮೂಡಬೇಕು. ಆಮೇಲೆ ಅವನು ಹಿಟ್ಟಿನ ಕೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿಯುತ್ತಾನೆ. ಆ ಕೈ ನೋಡದೆ ಅಲ್ಲಿ ಯಾರೂ ದೋಣಿಗೆ ಕಾಲಿಡುವುದಿಲ್ಲ.