ಓಲೆಗೊಂದು ಹಿಡಿ ರಾಗಿ-ಸಾಸಿವೆ

ಪ್ರಭುಗಳ ಬೆಳಗಿನ ಓಲೆ ಓದದೆ ಪ್ರಜೆಗಳಿಗೆ ಗಂಜಿ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಆಗ ಕಣಗಿಲೆಪುರದಲ್ಲಿ ಎಲ್ಲರೂ ನಂಬಿದ್ದರು. ಎಲ್ಲರೂ ಎಂದರೆ ಅರಮನೆಯವರು.

ಅಂಚೆ ಪುಕ್ಕಟೆ. ಬಂದ ಓಲೆಯನ್ನು ಬೇಡವೆನ್ನುವುದು ಅಪಶಕುನ. ಹಾಗಾಗಿ ರಾಜ ಬಿಜ್ಜರಸ ಮನೆಗೊಂದರಂತೆ ದಿನಾ ಹನ್ನೆರಡು ಸಾವಿರ ಹಿತವಚನ ಕಳಿಸುತ್ತಿದ್ದ. ಅದನ್ನು ನೋಡಿ ಎಣ್ಣೆ ವ್ಯಾಪಾರಿ ಪುಟ್ಟಮಲ್ಲನೂ ಕಲಿತ. ‘ಬೋಳುತಲೆಯೇ? ಚಿಂತೆ ಬಿಡಿ’ ಎಂಬ ಓಲೆ ಅರಮನೆಗೇ ದಿನಕ್ಕೆ ನಾನೂರು ಬರುತ್ತಿತ್ತು.

ಆ ರಾಶಿಯಡಿ ಒಂದು ದಿನ ರಾಜನ ಮಗಳು ಚಂದಲೆಯ ಓಲೆ ಸಿಕ್ಕಿತು. ಚೊಚ್ಚಲ ಬಸುರಿ, ಹೆರಿಗೆಗೆ ತವರಿಗೆ ಕರೆಸಿಕೊಳ್ಳಿ ಎಂದು ಬರೆದಿದ್ದಳು. ಓಲೆ ಬಂದು ಹದಿನೆಂಟು ದಿನವಾಗಿತ್ತು. ಪಲ್ಲಕ್ಕಿ ಓಡಿತು, ಖಾಲಿ ಮರಳಿತು. “ಯಾವತ್ತು ಬರುತ್ತೇನೆಂದು ನಾನೇ ಬರೆಯುತ್ತೇನೆ, ಅದನ್ನಾದರೂ ಅಪ್ಪ ಓದಲಿ” ಎಂದು ಹೇಳಿ ಕಳಿಸಿದ್ದಳು.

ಬಿಜ್ಜರಸ ಆಸ್ಥಾನದ ಜಾಣ ಮಂಚಣ್ಣನನ್ನು ಕರೆಸಿದ.

“ಕಸದೋಲೆ ಒಂದೂ ಬರಕೂಡದು. ಮಗಳದು ತಪ್ಪಕೂಡದು. ಯಾರದನ್ನೂ ಒಡೆದು ನೋಡುವ ಹಾಗಿಲ್ಲ. ಆಗದಿದ್ದರೆ ಪುಟ್ಟಮಲ್ಲನ ಓಲೆಗಳನ್ನೆಲ್ಲ ದಿನಾ ಸಭೆಯಲ್ಲಿ ಗಟ್ಟಿಯಾಗಿ ಓದುವ ಕೆಲಸ ನಿನ್ನದು.”

“ಆಗಲಿ ಪ್ರಭು. ರಾಜ್ಯದ ಅಂಚೆಕಟ್ಟೆಗಳಲ್ಲೆಲ್ಲ ಓಲೆಗೊಂದು ಹಿಡಿ ರಾಗಿ, ಸಾಸಿವೆ ಬೆರೆಸಿ ಕೊಡೋಣ. ಬೇರೆ ಮಾಡಿ ಕೊಟ್ಟ ಮೇಲೆ ಓಲೆ ಹೊರಡಲಿ.”

“ಅಷ್ಟೇನಾ?”

“ಅಪ್ಪನಿಗೆ ಬರೆಯುವವಳು ಒಂದು ಹಿಡಿ ಆರಿಸುತ್ತಾಳೆ. ಊರಿಗೆಲ್ಲ ಬರೆಯುವವನು ಆರಿಸುತ್ತಲೇ ಇರುತ್ತಾನೆ.”

“ಆಳು ಹಚ್ಚಿದರೆ?”

“ಯಾರ ಹೆಸರಿನ ಓಲೆಯೋ ಅವರದೇ ಕೈ.”

ರಾಜ ತೊಡೆ ತಟ್ಟಿದ. “ವಿನಾಯಿತಿ ಯಾರಿಗೂ ಇಲ್ಲ ಅಂತ ದಪ್ಪಕ್ಷರದಲ್ಲಿ ಬರೆಸು.”

“ಯಾರಿಗೂ?”

“ಎರಡು ಸಲ ಹೇಳಿಸಬೇಡ” ಎಂದು ಮುದ್ರೆ ಒತ್ತಿದ.

ಮರುದಿನ ಪುಟ್ಟಮಲ್ಲ ಎರಡು ಗಾಡಿ ಓಲೆ ತಂದ. ರಾಗಿ-ಸಾಸಿವೆ ನೋಡಿ, “ಏನಯ್ಯ ಮಂಚಣ್ಣ, ನಾನೇನು ನಿಮ್ಮನೆ ಸೊಸೆಯೇ?” ಎಂದ.

“ಸೊಸೆಯಾಗಿದ್ದರೆ ಇಷ್ಟು ಹೊತ್ತಿಗೆ ಒಂದು ಹಿಡಿ ಮುಗಿದಿರುತ್ತಿತ್ತು.”

ಸಂಜೆಯ ಹೊತ್ತಿಗೆ ಆರು ಓಲೆ ಹೊರಟವು. ಪುಟ್ಟಮಲ್ಲನಿಗೆ ಕಾಗೆಯೂ ಸಾಸಿವೆಯಾಗಿ ಕಾಣತೊಡಗಿತ್ತು. ಮೂರನೆಯ ದಿನ ಗಾಡಿಗಳನ್ನು ಉಪ್ಪು ಹೇರುವವರಿಗೆ ಬಾಡಿಗೆಗೆ ಕೊಟ್ಟ.

ಆರನೆಯ ದಿನ ಅರಮನೆಗೆ ಬಂದದ್ದು ಒಂದೇ ಓಲೆ. ‘ಹುಣ್ಣಿಮೆಗೆ ಬರುತ್ತೇನೆ. ಬಸುರಿಯನ್ನು ಸಾಸಿವೆ ಆರಿಸಲು ಕೂರಿಸಿದ ಪುಣ್ಯಾತ್ಮ ಯಾರು? ಬಂದು ನೋಡಬೇಕು.’

ಬಿಜ್ಜರಸ ಬಿದ್ದು ಬಿದ್ದು ನಕ್ಕ. ತನ್ನ ಕಂಠೀಹಾರ ತೆಗೆದು ಮಂಚಣ್ಣನ ಕೊರಳಿಗೆ ಹಾಕಿದ. ಆಮೇಲೆ ಏನೋ ನೆನಪಾಯಿತು.

“ಅಂದ ಹಾಗೆ, ನನ್ನ ಬೆಳಗಿನ ಓಲೆಗಳು ಹೋಗುತ್ತಿವೆ ತಾನೇ?”

“ಅಂಚೆಕಟ್ಟೆಯಲ್ಲೇ ಇವೆ, ಪ್ರಭು. ತಾವು ಆರಿಸುವುದು ಬಾಕಿ. ದಿನಕ್ಕೆ ಹನ್ನೆರಡು ಸಾವಿರ ಹಿಡಿ.”

ರಾಜನ ಮುಖ ಬಿಳಿಚಿಕೊಂಡಿತು. “ಆರು ದಿನದಿಂದ? ಪಾಪ, ಜನ ಬಂದು ಗೋಳಾಡಿರಬೇಕು.”

“ಎಣ್ಣೆ ಓಲೆ ಯಾಕೆ ನಿಂತಿತು ಅಂತ ಇಬ್ಬರು ಬೋಳುತಲೆಯವರು ಬಂದಿದ್ದರು” ಎಂದ ಮಂಚಣ್ಣ. “ತಮ್ಮದನ್ನು ಯಾರೂ ಕೇಳಲಿಲ್ಲ.”