ಬಂಕರಿನ ಕಾವಲು

ಸೈನ್ಯ ಬಿಟ್ಟುಹೋದ ಕಡಲತಡಿಯಲ್ಲಿ ಹಳೆಯ ಬಂಕರೊಂದು ಇನ್ನೂ ಕಾವಲು ನಿಂತಿತ್ತು. ಈಗ ಅಲ್ಲಿಗೆ ಜನ ಬೆಳಗ್ಗೆ ನಡೆಯಲು ಬರುತ್ತಿದ್ದರು. ಒಂದು ದಿನ ಅವರಿಗಿಂತ ಮೊದಲೇ ಬಸುರಿ ಕಡಲಾಮೆಯೊಂದು ತೆವಳಿ ಬಂತು.

“ನಿಲ್ಲು! ಯಾರದು?” ಅಂದಿತು ಬಂಕರು.

“ನಾನು ಮಾರಾಯ, ಆಮೆ. ಹೊರಗೆ ನಾಯಿಗಳ ಕಾಟ. ನಿನ್ನೊಳಗಿನ ಮರಳಲ್ಲಿ ಮೊಟ್ಟೆ ಇಡುತ್ತೇನೆ.”

“ಅದು ನನ್ನ ಸಿಪಾಯಿ ನಿಂತ ಜಾಗ. ಬೇರೆಯವರಿಗೆ ಕೊಡುವುದಿಲ್ಲ.”

“ಅವನು ಬರುತ್ತಾನಾ?”

“ಇಲ್ಲ,” ಅಂದಿತು ಬಂಕರು.

“ಮತ್ತೆ ಎಂಥದಕ್ಕೆ ಈ ಕಾವಲು?”

ಆಮೆ ಒಳಗೆ ಹೋದಾಗ ಬಂಕರು ತಡೆಯಲಿಲ್ಲ. ಸಿಪಾಯಿ ನಿಲ್ಲುತ್ತಿದ್ದಲ್ಲೇ ಆಮೆ ಮೊಟ್ಟೆ ಇಟ್ಟು, ಮರಳು ಮುಚ್ಚಿ, ಕಡಲಿಗೆ ಹೋಯಿತು.

ಬೆಳಕಾದ ಮೇಲೆ, ನಡೆಯಲು ಬಂದವರ ನಾಯಿ ಮೂಸುತ್ತ ಬಾಗಿಲಿಗೆ ಬಂತು.

“ನಿಲ್ಲು! ಯಾರದು?” ಎಂದು ಬಂಕರು ಗದರಿತು.

ನಾಯಿ ಬಾಲ ಮುದುರಿಕೊಂಡು ಓಡಿತು.